ಊಟಿಯ ಬೆಟ್ಟವೋ, ಜಾದುಗೋಡಾದ ಗಣಿಯೋ? ಕಾಸ್ಮಿಕ್ ಕಿರಣ, ಡಾರ್ಕ್ ಮ್ಯಾಟರ್ ಸಂಶೋಧನೆಗೆ ಹೊರಟವರಿಗೆ

ನಾನು ಧಾರವಾಡದಲ್ಲಿ ಎಂಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಎರಡನೇ ವರ್ಷ ಶುರುವಾಗುತ್ತಿದ್ದಂತೆ ಇಬ್ಬರೋ ಮೂವರೋ ಬಂದು ಮೇಜಿನ ಮುಂದೆ ನಿಲ್ಲುತ್ತಾರೆ. ಗದಗದವರು, ರೋಣದವರು, ಹಾವೇರಿ ಕಡೆಯವರು. "ಸರ, ಡಾರ್ಕ್ ಮ್ಯಾಟರ್ ಮ್ಯಾಲೆ ಪಿಎಚ್‌ಡಿ ಮಾಡಬೇಕಂತ ಆಸೆ ಐತ್ರಿ. ಎಲ್ಲಿ ಹೋಗ್ಲಿ?" ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಆದರೆ ತನ್ನ ತೂಕದಿಂದ ಗೆಲಾಕ್ಸಿಗಳನ್ನು ಹಿಡಿದಿಡುವ ದ್ರವ್ಯ. ಹೆಚ್ಚಿನವರಿಗೆ ಈ ಆಸೆ ಯೂಟ್ಯೂಬ್ ವಿಡಿಯೋ ನೋಡಿ ಹುಟ್ಟಿದ್ದು. ಎಲ್ಲಿಂದ ಹುಟ್ಟಿದರೂ ಆಸೆ ಒಳ್ಳೆಯದೇ. ಆದರೆ ನಾನು ಒಂದು ಪ್ರಶ್ನೆ ಕೇಳಿದರೆ ಸುಮ್ಮನಾಗುತ್ತಾರೆ: ಬೆಳಿಗ್ಗೆ ಹತ್ತಕ್ಕೆ ಲ್ಯಾಬಿಗೆ ಹೋದ ಮೇಲೆ ಸಂಜೆವರೆಗೆ ಏನು ಮಾಡುತ್ತಾ ಕೂರೋಕೆ ನಿನಗೆ ಇಷ್ಟ?

ಪಿಎಚ್‌ಡಿ ಅಂದರೆ ಐದಾರು ವರ್ಷ. ಅಂದರೆ ಹತ್ತಿರ ಹತ್ತಿರ ಎರಡು ಸಾವಿರ ದಿನ. ವಿಷಯದ ಹೆಸರು ನೋಡಿ ಸೇರಿದವರು ಮೂರನೇ ವರ್ಷಕ್ಕೆ ದಣಿಯುವುದನ್ನು ಕಂಡಿದ್ದೇನೆ. ದಿನದ ಕೆಲಸ ನೋಡಿ ಸೇರಿದವರು ಕಷ್ಟ ಬಂದರೂ ಉಳಿಯುತ್ತಾರೆ. ಹಾಗಾಗಿ ಇಲ್ಲಿ ನಾನು ಹೋಲಿಸುವುದು ವಿಷಯಗಳನ್ನಲ್ಲ, ಆ ದಿನಗಳನ್ನು.

ಮೊದಲು ಒಂದು ಗಾಜಿನ ತೊಟ್ಟಿ

ಯಾವ ಸಲಹೆ ಕೊಡುವ ಮೊದಲೂ ನಾನು ಹುಡುಗರಿಗೆ ಕ್ಲೌಡ್ ಚೇಂಬರ್ ತೋರಿಸುತ್ತೇನೆ. ಕಣ್ಣಿಗೆ ಕಾಣದ ಕಣಗಳು ಹಾದುಹೋದ ಜಾಡನ್ನು ಮಂಜಿನಲ್ಲಿ ತೋರಿಸುವ ಡಬ್ಬಿ ಅದು. ಮೀನು ಸಾಕುವ ಗಾಜಿನ ತೊಟ್ಟಿ ಸಾಕು. ಒಳಗೆ ತಳಕ್ಕೆ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿ, ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಚೆನ್ನಾಗಿ ಕುಡಿಸಬೇಕು. ಆಮೇಲೆ ತೊಟ್ಟಿಯನ್ನು ಬೋರಲು ಹಾಕಿ, ಬಾಯಿಗೆ ಕಪ್ಪು ಬಣ್ಣ ಹೊಡೆದ ಲೋಹದ ತಗಡು ಕೊಡಬೇಕು. ತಗಡಿನ ಕೆಳಗೆ ಡ್ರೈ ಐಸ್. ಹುಬ್ಬಳ್ಳಿಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ತರಿಸುತ್ತೇನೆ, ಕೈಗವಸು ಇಲ್ಲದೆ ಮುಟ್ಟಲು ಬಿಡುವುದಿಲ್ಲ. ಕೋಣೆಯ ಲೈಟ್ ಆರಿಸಿ ಪಕ್ಕದಿಂದ ಟಾರ್ಚ್ ಬಿಡಬೇಕು.

ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಬರೀ ತುಂತುರು ಮಳೆಯ ಹಾಗೆ ಮಂಜು ಇಳಿಯುತ್ತಿರುತ್ತದೆ. ಆಮೇಲೆ ತಗಡಿಗೆ ಹತ್ತಿರ, ಬೆರಳಗಲದ ಪದರದಲ್ಲಿ, ಇದ್ದಕ್ಕಿದ್ದಂತೆ ಒಂದು ಬಿಳಿ ಎಳೆ. ನೇರ, ತೆಳ್ಳಗೆ, ಯಾರೋ ಸೂಜಿಯಲ್ಲಿ ಗೀಚಿದ ಹಾಗೆ. ಎರಡು ಸೆಕೆಂಡಿನಲ್ಲಿ ಕರಗಿ ಹೋಗುತ್ತದೆ. ಇನ್ನೊಂದು ಬರುತ್ತದೆ, ಅದು ಗಿಡ್ಡ, ದಪ್ಪ. ಮತ್ತೊಂದು ಕುಡಿದವನ ನಡಿಗೆಯಂತೆ ಸೊಟ್ಟಪಟ್ಟ. ದಪ್ಪದ್ದು ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಹೊರಟ ಆಲ್ಫಾ ಕಣ. ಸೊಟ್ಟದ್ದು ನಿಧಾನದ ಎಲೆಕ್ಟ್ರಾನ್. ಆ ನೇರ ತೆಳ್ಳನೆಯ ಎಳೆಗಳಲ್ಲಿ ಹೆಚ್ಚಿನವು ಮ್ಯುಯಾನ್, ಎಲೆಕ್ಟ್ರಾನಿನಂಥದ್ದೇ ಆದರೆ ಅದಕ್ಕಿಂತ ಭಾರದ ಕಣ. ಎಲ್ಲೋ ದೂರದ ಆಕಾಶದಿಂದ ಬಂದ ಪ್ರೋಟಾನ್ (ಇಂಥ ಕಣಗಳನ್ನೇ ಕಾಸ್ಮಿಕ್ ಕಿರಣ ಅನ್ನುವುದು) ನಮ್ಮ ವಾತಾವರಣದ ಮೇಲ್ಭಾಗಕ್ಕೆ ಬಡಿದು, ಅಲ್ಲಿ ಹುಟ್ಟಿದ ಕಣಗಳ ಮಳೆಯಲ್ಲಿ ಒಂದು ಹನಿ. ನಿಮ್ಮ ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಸುಮಾರು ಒಂದು ಮ್ಯುಯಾನ್ ಅದನ್ನು ತೂರಿಕೊಂಡು ಹೋಗುತ್ತದೆ.

ಇಲ್ಲೇ ಎರಡು ದಾರಿ ಬೇರೆಯಾಗುತ್ತವೆ. ಕಾಸ್ಮಿಕ್ ಕಿರಣದವರಿಗೆ ಆ ಎಳೆಯೇ ಬೆಳೆ. ಡಾರ್ಕ್ ಮ್ಯಾಟರ್‌ನವರಿಗೆ ಅದೇ ಎಳೆ ಕಳೆ, ಅವರು ಹುಡುಕುವ ಸಣ್ಣ ಸುಳಿವನ್ನು ಅದು ಮುಚ್ಚಿಬಿಡುತ್ತದೆ. ಒಬ್ಬರು ಅದನ್ನು ಹೆಚ್ಚು ಹೆಚ್ಚು ಹಿಡಿಯಲು ಬೆಟ್ಟ ಹತ್ತುತ್ತಾರೆ. ಇನ್ನೊಬ್ಬರು ಅದರಿಂದ ತಪ್ಪಿಸಿಕೊಳ್ಳಲು ಗಣಿ ಇಳಿಯುತ್ತಾರೆ. ತೊಟ್ಟಿಯ ಮುಂದೆ ಮುಕ್ಕಾಲು ಗಂಟೆ ಕೂತು ಎಳೆ ಎಣಿಸುವ ಹುಡುಗ ಒಂದು ಬಗೆ. "ಇದನ್ನೆಲ್ಲಾ ತಡೆಯೋದು ಹೆಂಗ್ರಿ ಸರ?" ಅಂತ ಕೇಳುವ ಹುಡುಗಿ ಇನ್ನೊಂದು ಬಗೆ. ಅರ್ಧ ಉತ್ತರ ನನಗೆ ಅಲ್ಲೇ ಸಿಕ್ಕಿರುತ್ತದೆ.

ಬೆಟ್ಟದ ದಾರಿ: ಕಾಸ್ಮಿಕ್ ಕಿರಣದ ಪ್ರಯೋಗ

1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5,000 ಮೀಟರ್‌ಗಿಂತ ಮೇಲೇರಿ, ಎತ್ತರ ಹೆಚ್ಚಿದಂತೆ ವಿಕಿರಣವೂ ಹೆಚ್ಚುತ್ತದೆ ಅಂತ ಅಳೆದು ತೋರಿಸಿದ. ಅಂದಿನಿಂದ ಈ ಕ್ಷೇತ್ರ ಎತ್ತರದ ಜಾಗಗಳನ್ನು ಹುಡುಕುತ್ತಲೇ ಇದೆ. ನಮಗೆ ಹತ್ತಿರದ ದೊಡ್ಡ ಪ್ರಯೋಗ ಊಟಿಯ ಗ್ರೇಪ್ಸ್-3. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಡೆಸುತ್ತದೆ, ಜಪಾನಿನವರೂ, ದೇಶದ ಬೇರೆ ಬೇರೆ ವಿಶ್ವವಿದ್ಯಾಲಯದವರೂ ಜೊತೆಗಿದ್ದಾರೆ. ಸುಮಾರು 2,200 ಮೀಟರ್ ಎತ್ತರದಲ್ಲಿ, 25,000 ಚದರ ಮೀಟರ್ ಜಾಗದಲ್ಲಿ, ಎಂಟೆಂಟು ಮೀಟರ್ ಅಂತರಕ್ಕೆ ಒಂದರಂತೆ ಸುಮಾರು 400 ಪ್ಲಾಸ್ಟಿಕ್ ಸಿಂಟಿಲೇಟರ್ ಡಿಟೆಕ್ಟರ್‌ಗಳು, ಅಂದರೆ ಕಣ ಹಾದರೆ ಸಣ್ಣಗೆ ಮಿನುಗುವ ಹಾಳೆಗಳು. ಪಕ್ಕದಲ್ಲಿ 560 ಚದರ ಮೀಟರಿನ ಮ್ಯುಯಾನ್ ಟೆಲಿಸ್ಕೋಪ್. ಟೆಲಿಸ್ಕೋಪ್ ಅಂದಾಕ್ಷಣ ಕೊಳವೆ, ಮಸೂರ ಅಂದುಕೊಳ್ಳಬೇಡಿ. ಕಾಂಕ್ರೀಟ್ ದಿಮ್ಮಿಗಳ ಕೆಳಗೆ ಅಡ್ಡಡ್ಡ ಜೋಡಿಸಿದ ಕಬ್ಬಿಣದ ಚೌಕ ಪೈಪುಗಳು. ಒಂದೊಂದೂ ಆರು ಮೀಟರ್ ಉದ್ದ. ಒಟ್ಟು 3,712. ದಿನಕ್ಕೆ ಸುಮಾರು 400 ಕೋಟಿ ಮ್ಯುಯಾನ್ ಎಣಿಸುತ್ತವೆ.

ಈ ಪೈಪುಗಳ ಕಥೆ ಕನ್ನಡದ ಪ್ರತಿ ವಿಜ್ಞಾನ ವಿದ್ಯಾರ್ಥಿಗೂ ಗೊತ್ತಿರಬೇಕು ಅಂತ ನನ್ನ ಹಟ. ಇವು ಮೊದಲು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿದ್ದವು. 1951ರಲ್ಲಿ ಹೋಮಿ ಭಾಭಾ ಹೇಳಿದ ಮೇಲೆ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಕೆಜಿಎಫ್‌ಗೆ ಇಳಿದು ಮ್ಯುಯಾನ್ ಅಳೆಯಲು ಶುರುಮಾಡಿದರು. ಅವರು ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಗಣಿಯ ಆಳ ಹೆಚ್ಚಿದಂತೆ ಮ್ಯುಯಾನ್ ಕಡಿಮೆಯಾಗುತ್ತಾ ಬಂತು. ತೀರಾ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಸಿಗಲಿಲ್ಲ. ಸೋಲು ಅಂತ ಕೈಬಿಡಬಹುದಿತ್ತು. ಇವರು ಬೇರೆ ಥರ ಯೋಚಿಸಿದರು: ಇಷ್ಟು ಸದ್ದಿಲ್ಲದ ಜಾಗದಲ್ಲಿ, ಎಂಥ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋ ಎಂಬ ಕಣವನ್ನು ಹುಡುಕಬಹುದಲ್ವಾ? 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕೇಬಿಟ್ಟಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಸಿಕ್ಕಿತು. ಜಗತ್ತಿನಲ್ಲಿ ಅದೇ ಮೊದಲು. ಆಮೇಲೆ 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಅಂತ ನೋಡಲು ಕಬ್ಬಿಣದ ಪೈಪುಗಳ ದೊಡ್ಡ ಡಿಟೆಕ್ಟರ್ ಕಟ್ಟಿದರು. ಗಣಿಯ ಕೆಲಸ ಮುಗಿಯುತ್ತಾ ಬಂದಾಗ ಪ್ರಯೋಗವೂ ನಿಂತಿತು. ಪೈಪುಗಳನ್ನು ಗುಜರಿಗೆ ಹಾಕಲಿಲ್ಲ. ಊಟಿಗೆ ಸಾಗಿಸಿದರು. ಅವೇ ಈಗಲೂ ಎಣಿಸುತ್ತಿವೆ.

ಈಗ ದಿನದ ಕೆಲಸಕ್ಕೆ ಬರೋಣ. ಇಂಥ ಪ್ರಯೋಗದಲ್ಲಿ ವಿದ್ಯಾರ್ಥಿ ಕೈ ಮಸಿ ಮಾಡಿಕೊಳ್ಳಲೇಬೇಕು. ಸಿಂಟಿಲೇಟರ್ ಹಾಳೆಗೆ ಬಿಳಿ ಹೊದಿಕೆ, ಅದರ ಮೇಲೆ ಕಪ್ಪು ಕಾಗದ, ಅದರ ಮೇಲೆ ಕಪ್ಪು ಟೇಪ್ ಸುತ್ತಬೇಕು. ಎಲ್ಲೋ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಬೆಳಕು ನುಗ್ಗಿ, ಆ ಮಿನುಗನ್ನು ಹಿಡಿಯುವ ಫೋಟೊಮಲ್ಟಿಪ್ಲೈಯರ್ ಹುಚ್ಚೆದ್ದು ಎಣಿಸುತ್ತದೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದು ಇಂಚಿಂಚೂ ಹುಡುಕಬೇಕು. ಮಳೆಗಾಲದಲ್ಲಿ ಕೇಬಲ್ ಕನೆಕ್ಟರ್‌ಗೆ ನೀರು. ಸಿಡಿಲು ಬಡಿದರೆ ಎಲೆಕ್ಟ್ರಾನಿಕ್ಸ್ ಬೋರ್ಡ್ ಸುಟ್ಟಿರುತ್ತದೆ. ಮಧ್ಯಾಹ್ನದ ಮೇಲೆ ಕಂಪ್ಯೂಟರ್ ಮುಂದೆ ಕೂತು ಸಿ ಪ್ಲಸ್ ಪ್ಲಸ್, ಪೈಥಾನ್, ಕಾರ್ಸಿಕಾ ಎಂಬ ಸಿಮ್ಯುಲೇಶನ್ ಪ್ರೋಗ್ರಾಂ.

ಈ ದಾರಿಯ ದೊಡ್ಡ ಲಾಭ ಒಂದೇ: ಇಲ್ಲಿ ಬರಿಗೈ ಅನ್ನುವುದೇ ಇಲ್ಲ. ಮ್ಯುಯಾನ್ ಬರುತ್ತಲೇ ಇರುತ್ತದೆ, ಡೇಟಾ ಸೇರುತ್ತಲೇ ಇರುತ್ತದೆ. ಕೆಲವೊಮ್ಮೆ ಹುಡುಕದೇ ಇದ್ದದ್ದೂ ಸಿಗುತ್ತದೆ. 2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಗುಡುಗಿನ ಮೋಡ ಬಂತು. 18 ನಿಮಿಷ ಮ್ಯುಯಾನ್ ಎಣಿಕೆ ಸುಮಾರು ಎರಡು ಪರ್ಸೆಂಟ್ ಇಳಿಯಿತು. ಅದನ್ನು ಕೂಲಂಕಷವಾಗಿ ಲೆಕ್ಕ ಹಾಕಿದಾಗ ಮೋಡದೊಳಗಿನ ವೋಲ್ಟೇಜ್ ಸುಮಾರು 130 ಕೋಟಿ ವೋಲ್ಟ್ ಅಂತ ಬಂತು. ಅಷ್ಟು ದೊಡ್ಡ ಸಂಖ್ಯೆಯನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ. 2019ರಲ್ಲಿ ಅದು ಪ್ರಕಟವಾಯಿತು. ನಮ್ಮ ಕಡೆ ಏಪ್ರಿಲ್-ಮೇ ಗುಡುಗು ಕೇಳಿದಾಗೆಲ್ಲ ನನಗೆ ಆ ಗ್ರಾಫ್ ನೆನಪಾಗುತ್ತದೆ. 2024ರಲ್ಲಿ ಅದೇ ತಂಡ ಪ್ರೋಟಾನ್‌ಗಳ ಶಕ್ತಿಯ ಗ್ರಾಫಿನಲ್ಲಿ 166 ಟೆರಾ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದು ತಿರುವನ್ನು ತೋರಿಸಿತು. ನೇರವಾಗಿ ಇಳಿಯುತ್ತದೆ ಅಂದುಕೊಂಡಿದ್ದ ಗೆರೆ ಅದು. ಹಳೇ ಪೈಪು, ಹೊಸ ಮಾತು.

ನಷ್ಟವೂ ಇದೆ. ಅತಿ ದೊಡ್ಡ ಶಕ್ತಿಯ ಕಣಗಳು ಬೇಕೆಂದರೆ ಊಟಿಯಷ್ಟು ಜಾಗ ಸಾಲದು. ಅರ್ಜೆಂಟೀನಾದ ಪಿಯೆರ್ ಓಜೆ ವೀಕ್ಷಣಾಲಯ 3,000 ಚದರ ಕಿಲೋಮೀಟರ್ ಹರಡಿದೆ. ಗದಗ ಜಿಲ್ಲೆಯ ಅರ್ಧಕ್ಕಿಂತ ಜಾಸ್ತಿ ಅಂತ ಇಟ್ಟುಕೊಳ್ಳಿ. ಚೀನಾದ ಲಾಸೋ 4,410 ಮೀಟರ್ ಎತ್ತರದಲ್ಲಿದೆ. ಪಿಎಚ್‌ಡಿ ಆದ ಮೇಲೆ ಅಂಥ ಕಡೆ ಹೋಗಿ ಎರಡು ಮೂರು ವರ್ಷ ಕೆಲಸ ಮಾಡದಿದ್ದರೆ ಇಲ್ಲಿ ಕಾಯಂ ಹುದ್ದೆಯ ಸಂದರ್ಶನದಲ್ಲಿ ಹಿಂದೆ ಬೀಳುತ್ತೀರಿ.

ಇದೇ ಕುಟುಂಬದ ಇನ್ನೊಂದು ದಾರಿ ಗಾಮಾ ಕಿರಣ. ಲಡಾಖಿನ ಹಾನ್ಲೆಯಲ್ಲಿ 4,270 ಮೀಟರ್ ಎತ್ತರಕ್ಕೆ ಮೇಸ್ ಎಂಬ 21 ಮೀಟರ್ ಅಗಲದ ಟೆಲಿಸ್ಕೋಪ್ ನಿಂತಿದೆ. 2024ರ ಅಕ್ಟೋಬರಿನಲ್ಲಿ ಅದರ ಉದ್ಘಾಟನೆಯಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರದವರು ಕಟ್ಟಿದ್ದು. ಚಳಿ, ಉಸಿರಾಟ, ಮನೆಯಿಂದ ದೂರ, ಎಲ್ಲವನ್ನೂ ತಡೆಯುವ ಮೈ ಬೇಕು. ಆದರೆ ಎರಡೂ ಆಸೆ ಇರುವವರಿಗೆ ಇದು ಒಳ್ಳೆಯ ಜಾಗ. ಡಾರ್ಕ್ ಮ್ಯಾಟರ್ ಕಣಗಳು ಒಂದಕ್ಕೊಂದು ಬಡಿದು ಅಳಿದರೆ ಗಾಮಾ ಕಿರಣ ಬರಬಹುದು ಅನ್ನುವ ಲೆಕ್ಕದಲ್ಲಿ ಇಂಥ ಟೆಲಿಸ್ಕೋಪುಗಳು ಕುಬ್ಜ ಗೆಲಾಕ್ಸಿಗಳ ಕಡೆ ತಿರುಗುತ್ತವೆ.

ಗಣಿಯ ದಾರಿ: ಡಾರ್ಕ್ ಮ್ಯಾಟರ್ ಹುಡುಕಾಟ

1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗುಚ್ಛದ ಗೆಲಾಕ್ಸಿಗಳ ಓಟ ನೋಡಿ, ಕಾಣುವ ದ್ರವ್ಯದ ತೂಕ ಇವನ್ನು ಹಿಡಿದಿಡಲು ಸಾಲದು ಅಂದ. 1970ರ ದಶಕದಲ್ಲಿ ವೆರಾ ರೂಬಿನ್ ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳ ವೇಗ ಅಳೆದ ಮೇಲೆ ಆ ಮಾತನ್ನು ತಳ್ಳಿಹಾಕುವುದು ಕಷ್ಟವಾಯಿತು. ಈಗಿನ ಲೆಕ್ಕದಲ್ಲಿ ಕಾಣದ ದ್ರವ್ಯ ಕಾಣುವುದಕ್ಕಿಂತ ಐದು ಪಟ್ಟು ಜಾಸ್ತಿ. ಆದರೆ ಅದರ ಒಂದೇ ಒಂದು ಕಣವನ್ನೂ ಎಲ್ಲರೂ ಒಪ್ಪುವಂತೆ ಯಾರೂ ಹಿಡಿದಿಲ್ಲ. ಸೇರುವ ಮೊದಲು ಈ ಮಾತನ್ನು ನುಂಗಿಕೊಳ್ಳಬೇಕು.

ಜಗತ್ತಿನ ದೊಡ್ಡ ಪ್ರಯೋಗಗಳು ಭೂಮಿಯೊಳಗೆ ದ್ರವ ಜೆನಾನ್ ತುಂಬಿದ ತೊಟ್ಟಿಗಳು. ಡಾರ್ಕ್ ಮ್ಯಾಟರ್ ಕಣವೊಂದು ಜೆನಾನ್ ಪರಮಾಣುವನ್ನು ತಟ್ಟೀತು ಅಂತ ಕಾಯುವುದು. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಕೆಳಗೆ ಜೆನಾನ್‌ಎನ್‌ಟಿ. ಅಮೆರಿಕದ ದಕ್ಷಿಣ ಡಕೋಟದ ಹಳೇ ಚಿನ್ನದ ಗಣಿಯಲ್ಲಿ ಹತ್ತು ಟನ್ ಜೆನಾನಿನ ಎಲ್‌ಜೆಡ್. ಚೀನಾದಲ್ಲಿ ಪಾಂಡಾಎಕ್ಸ್. ಎಲ್‌ಜೆಡ್ 2024ರಲ್ಲಿ 280 ದಿನಗಳ ಡೇಟಾ ಕೊಟ್ಟಿತು. ಸಿಕ್ಕಿದ್ದು ಏನೂ ಇಲ್ಲ. ಆದರೆ "ಇಷ್ಟರೊಳಗೆ ಇಲ್ಲ" ಅಂತ ಗಟ್ಟಿಯಾಗಿ ಹೇಳುವುದೂ ಇಲ್ಲಿ ಫಲಿತಾಂಶವೇ. ಅದೇ ವರ್ಷ ಜೆನಾನ್‌ಎನ್‌ಟಿ ಮತ್ತು ಪಾಂಡಾಎಕ್ಸ್ ಎರಡಕ್ಕೂ ಸೂರ್ಯನ ನ್ಯೂಟ್ರಿನೋಗಳು ಜೆನಾನ್ ಪರಮಾಣುವನ್ನು ತಟ್ಟುವ ಸುಳಿವು ಸಿಕ್ಕಿತು. ತಂತ್ರಜ್ಞಾನಕ್ಕೆ ಅದು ದೊಡ್ಡ ಗೆಲುವು. ಡಾರ್ಕ್ ಮ್ಯಾಟರ್ ಹುಡುಕುವವರಿಗೆ ಹೊಸ ಮಂಜೂ ಹೌದು, ಯಾಕೆಂದರೆ ಈ ನ್ಯೂಟ್ರಿನೋಗಳನ್ನು ತಡೆಯುವ ಬಂಡೆ ಎಲ್ಲೂ ಇಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಜಾರ್ಖಂಡಿನ ಜಾದುಗೋಡಾ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಪ್ರಯೋಗಾಲಯ ಇದೆ. ಕೋಲ್ಕತ್ತದ ಸಾಹಾ ಪರಮಾಣು ಭೌತವಿಜ್ಞಾನ ಸಂಸ್ಥೆ 2017ರಲ್ಲಿ ಶುರುಮಾಡಿತು. ದೊಡ್ಡ ಜಾಗವಲ್ಲ. ಗ್ರಾನ್ ಸಾಸೊಗೆ 1,400 ಮೀಟರ್ ಬಂಡೆಯ ಹೊದಿಕೆ ಇರುವಾಗ 555 ಮೀಟರ್ ಕಡಿಮೆ. ಆದರೆ ಡಿಟೆಕ್ಟರ್ ಕಟ್ಟಿ, ಇಳಿಸಿ, ನಡೆಸಿ ಕಲಿಯುವ ಹುಡುಗನಿಗೆ ಸಣ್ಣ ಪ್ರಯೋಗದಲ್ಲಿ ಪೂರ್ತಿ ಕೆಲಸ ಕೈಗೆ ಸಿಗುತ್ತದೆ. 250 ಜನರ ತಂಡದಲ್ಲಿ ನಿಮಗೆ ಸಿಗುವುದು ಒಂದು ವಾಲ್ವ್‌ನ ಮೇಲ್ವಿಚಾರಣೆಯೋ, ಒಂದು ಹಿನ್ನೆಲೆ ಸದ್ದಿನ ಲೆಕ್ಕವೋ ಆಗಿರಬಹುದು. ಅದನ್ನು ಪ್ರೀತಿಯಿಂದ ಮಾಡುವವರಿದ್ದಾರೆ. ಒಬ್ಬ ಹಳೇ ವಿದ್ಯಾರ್ಥಿ ಎರಡು ವರ್ಷ ಬರೀ ರೇಡಾನ್ ಕಡಿಮೆ ಮಾಡುವುದರ ಮೇಲೆ ಕೆಲಸ ಮಾಡಿದ. ಪ್ರತಿ ನಟ್ಟು, ಪ್ರತಿ ವೈರ್, ಪ್ರತಿ ಅಂಟನ್ನೂ ವಿಕಿರಣ ಪರೀಕ್ಷೆಗೆ ಹಾಕಿ ಆರಿಸುವುದು. "ಅವ್ವ ಅಕ್ಕಿ ಆರಿಸಿದಂಗ ಐತ್ರಿ ಸರ" ಅಂತ ಫೋನಿನಲ್ಲಿ ಹೇಳಿದ. ಕಲ್ಲು ಒಂದೂ ಉಳಿಯಬಾರದು.

ಅಕ್ಕಿ ಆರಿಸುವ ತಾಳ್ಮೆ ನಿಮಗಿದ್ದರೆ ಈ ದಾರಿ ನಿಮ್ಮದು. ಇಲ್ಲದಿದ್ದರೆ ಹೆಸರಿನ ಆಕರ್ಷಣೆಗೆ ಬೀಳಬೇಡಿ. ಇಲ್ಲಿ ಸುಳ್ಳು ಆಸೆಗಳೂ ಬಂದು ಹೋಗುತ್ತವೆ. 2020ರಲ್ಲಿ ಜೆನಾನ್‌ಎನ್‌ಟಿಗಿಂತ ಹಿಂದಿನ ಡಿಟೆಕ್ಟರ್ ಆದ ಜೆನಾನ್‌ಒನ್‌ಟಿಯ ತಂಡ ನಿರೀಕ್ಷೆಗಿಂತ ಹೆಚ್ಚಿನ ಎಣಿಕೆ ತೋರಿಸಿದಾಗ ಲೆಕ್ಕವಿಲ್ಲದಷ್ಟು ಲೇಖನಗಳು ಬಂದವು. 2022ರಲ್ಲಿ ಹೊಸ ಡಿಟೆಕ್ಟರಿನಲ್ಲಿ ಅದು ಮಾಯವಾಯಿತು. ಗ್ರಾನ್ ಸಾಸೊದಲ್ಲೇ ಡಾಮಾ ಎಂಬ ತಂಡ ವರ್ಷವರ್ಷವೂ ಏರಿಳಿಯುವ ಸಂಕೇತ ಕಂಡಿದ್ದೇವೆ ಅಂತ ದಶಕಗಳಿಂದ ಹೇಳುತ್ತಿದೆ. ಅದೇ ಬಗೆಯ ಹರಳು ಬಳಸಿ ಸ್ಪೇನ್ ಮತ್ತು ಕೊರಿಯಾದವರು ನೋಡಿದರೆ ಕಾಣಲಿಲ್ಲ.

ದೊಡ್ಡ ಯೋಜನೆಯನ್ನು ನಂಬಿ ಕೂರುವುದರ ಅಪಾಯಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೋ ವೀಕ್ಷಣಾಲಯ ಆಗಬೇಕಿತ್ತು. ಪರಿಸರದ ತಕರಾರು, ಜನರ ವಿರೋಧ, ಕೋರ್ಟು ಅಂತ ನಿಂತುಬಿಟ್ಟಿತು. ಅದಕ್ಕಾಗಿಯೇ ತಯಾರಾದ ಎಷ್ಟೋ ಹುಡುಗರು ಬೇರೆ ಪ್ರಯೋಗಗಳಿಗೆ ಹೋಗಬೇಕಾಯಿತು. ಹಾಗಾಗಿ ಸೇರುವ ದಿನವೇ ಕೇಳಿ: ಈ ಡಿಟೆಕ್ಟರ್ ಈಗ ನಡೆಯುತ್ತಿದೆಯೋ, ಇನ್ನೂ ಕಾಗದದ ಮೇಲಿದೆಯೋ? ಕಾಗದದ ಮೇಲಿದ್ದರೆ ನನ್ನ ಪ್ರಬಂಧಕ್ಕೆ ಯಾವ ಡೇಟಾ?

ಪೆನ್ನು ಮತ್ತು ಲ್ಯಾಪ್‌ಟಾಪ್: ಸಿದ್ಧಾಂತ

ಇದರ ಬಗ್ಗೆ ಕಡಿಮೆ ಹೇಳುತ್ತೇನೆ. ನಾನು ಪ್ರಯೋಗದವನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ, ಐಸಿಟಿಎಸ್, ಪುಣೆಯ ಅಯುಕಾ, ಎಲ್ಲ ಹತ್ತಿರವೇ. ಎರಡು ಮೂರು ಜನರ ಸಣ್ಣ ಗುಂಪು. ಲೇಖನದ ಮೇಲೆ ನಿಮ್ಮ ಹೆಸರು ಕಾಣುತ್ತದೆ. ಯಂತ್ರ ಕೆಟ್ಟಿತು, ಗಣಿ ಮುಚ್ಚಿತು ಅನ್ನುವ ಭಯ ಇಲ್ಲ. ಆದರೆ ಗಣಿತ ನಿಜಕ್ಕೂ ಗಟ್ಟಿ ಇರಬೇಕು, ಪೈಪೋಟಿ ತೀರಾ ಜಾಸ್ತಿ, ಹುದ್ದೆಗಳು ಕಡಿಮೆ. ಕ್ವಾಂಟಮ್ ಫೀಲ್ಡ್ ಥಿಯರಿಯ ಲೆಕ್ಕ ರಾತ್ರಿ ಹನ್ನೊಂದಕ್ಕೂ ಬಿಡದೆ ಮಾಡುವಷ್ಟು ಹುಚ್ಚು ಇದ್ದರೆ ಮಾತ್ರ ಹೋಗಿ.

ಸಿದ್ಧಾಂತ ಮತ್ತು ಪ್ರಯೋಗದ ನಡುವೆ ಡೇಟಾ ವಿಶ್ಲೇಷಣೆ ಎಂಬ ಒಂದು ಜಾಗವಿದೆ. ಅದನ್ನು ನಮ್ಮ ಹುಡುಗರು ಗಮನಿಸುವುದೇ ಇಲ್ಲ. ಅಂತರಿಕ್ಷ ನಿಲ್ದಾಣದ ಮೇಲೆ 2011ರಿಂದ ಎಎಂಎಸ್ ಎಂಬ ಉಪಕರಣ ಕಾಸ್ಮಿಕ್ ಕಿರಣ ಅಳೆಯುತ್ತಿದೆ. ಅದರಲ್ಲಿ ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನ್ ನಿರೀಕ್ಷೆಗಿಂತ ಜಾಸ್ತಿ. ಕಾರಣ ಡಾರ್ಕ್ ಮ್ಯಾಟರೋ, ಹತ್ತಿರದ ಪಲ್ಸಾರ್ ಎಂಬ ಗಿರ್ರನೆ ತಿರುಗುವ ನಕ್ಷತ್ರವೋ ಅಂತ ವಾದ ಇನ್ನೂ ನಡೆದಿದೆ. ಇಂಥ ಪ್ರಶ್ನೆಗೆ ಕಾಸ್ಮಿಕ್ ಕಿರಣ ಬೇರೆ, ಡಾರ್ಕ್ ಮ್ಯಾಟರ್ ಬೇರೆ ಅಂತ ಗೆರೆ ಎಳೆಯೋಕೇ ಆಗುವುದಿಲ್ಲ.

ದುಡ್ಡು, ವರ್ಷ, ಮನೆ

ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್, ಪಿಎಸ್ಐ, ಎಫ್‌ಡಿಎ ಪರೀಕ್ಷೆಗೆ ಓದುವ ಸಾವಿರಾರು ಮಕ್ಕಳ ನಡುವೆ ನಮ್ಮ ವಿದ್ಯಾರ್ಥಿಯೂ ಬದುಕುತ್ತಾನೆ. ಊರಿನಲ್ಲಿ ಕಾಕಾ ಕೇಳುತ್ತಾರೆ: "ಪಿಎಚ್‌ಡಿ ಅಂದ್ರ ಇನ್ನಾ ಓದೂದೇನಪಾ? ಗಳಿಸೂದು ಯಾವಾಗ?" ಈ ಪ್ರಶ್ನೆಗೆ ಸಿಟ್ಟಾಗಬೇಡಿ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಉತ್ತರ ಕೊಡಿ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಊಟಿಯಲ್ಲೋ ಕೋಲ್ಕತ್ತದಲ್ಲೋ ಒಬ್ಬ ವಿದ್ಯಾರ್ಥಿ ಬದುಕಿ ಮನೆಗೂ ಸ್ವಲ್ಪ ಕಳಿಸಬಹುದು.

ಪಿಎಚ್‌ಡಿ ಆದ ಮೇಲೆ ಎರಡು ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಹುದ್ದೆ), ನಾಲ್ಕೈದು ವರ್ಷ. 23ಕ್ಕೆ ಶುರುಮಾಡಿದವರಿಗೆ ಕಾಯಂ ಕೆಲಸ ಅನ್ನುವಾಗ 33, 34. ಮದುವೆಯ ಮಾತು ಅಷ್ಟರೊಳಗೆ ಹತ್ತು ಸಲ ಬಂದಿರುತ್ತದೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಭಾರ. ಅವರ ಅಪ್ಪ-ಅವ್ವ ಬಂದಾಗ ನಾನು ಬಿಭಾ ಚೌಧುರಿಯ ಕಥೆ ಹೇಳುತ್ತೇನೆ. ಟಾಟಾ ಸಂಸ್ಥೆಗೆ ಸೇರಿದ ಮೊದಲ ಮಹಿಳಾ ಸಂಶೋಧಕಿ, ಕಾಸ್ಮಿಕ್ ಕಿರಣದವರು, ನಮ್ಮ ಕೆಜಿಎಫ್‌ನ ಕೆಲಸದಲ್ಲೂ ಇದ್ದವರು. ಕಥೆ ಹೇಳಿದರೆ ಮಾತ್ರ ಸಾಲದು ಅಂತಲೂ ಗೊತ್ತು. ಹಾಸ್ಟೆಲ್ ಎಲ್ಲಿ, ರಾತ್ರಿ ಶಿಫ್ಟ್ ಇದೆಯೇ, ಜೊತೆಗೆ ಬೇರೆ ಹುಡುಗಿಯರು ಇದ್ದಾರೆಯೇ, ಇವನ್ನೆಲ್ಲ ಸಂಸ್ಥೆಗೆ ಫೋನ್ ಮಾಡಿ ಕೇಳಿಸಿ ಹೇಳುತ್ತೇನೆ.

ನನ್ನದೇ ಒಂದು ಮಾತು. ಪಿಎಚ್‌ಡಿಯ ಮೂರನೇ ವರ್ಷ ನನ್ನ ಗೈಡ್ ಬೇರೆ ಸಂಸ್ಥೆಗೆ ಹೋದರು. ಕಾಗದಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಏಳು ತಿಂಗಳು ಫೆಲೋಶಿಪ್ ಬರಲಿಲ್ಲ. ಅಣ್ಣ ಹತ್ತಿ ಮಾರಿದ ದುಡ್ಡಿನಲ್ಲಿ ತಿಂಗಳಿಗೆ ಇಷ್ಟು ಅಂತ ಕಳಿಸಿದ. ಅವನು ಇಲ್ಲದಿದ್ದರೆ ಬಿಟ್ಟು ಬರುತ್ತಿದ್ದೆ. ಅದಕ್ಕೇ ಈಗ ಎಲ್ಲರಿಗೂ ಹೇಳುತ್ತೇನೆ: ಗೈಡ್ ನಿವೃತ್ತಿಗೆ ಎಷ್ಟು ವರ್ಷ ಇದೆ, ಅವರ ಹಿಂದಿನ ಮೂರು ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ಆ ಮೂವರಲ್ಲಿ ಒಬ್ಬರಿಗಾದರೂ ನೇರವಾಗಿ ಫೋನ್ ಮಾಡಿ. ನಾಚಿಕೆ ಬೇಡ. ಒಳ್ಳೆಯ ಗೈಡ್ ಇದ್ದು ವಿಷಯ ಸಾಧಾರಣವಾಗಿದ್ದರೂ ನಡೆಯುತ್ತದೆ. ಅದರ ಉಲ್ಟಾ ಆದರೆ ನಡೆಯುವುದಿಲ್ಲ.

ಧಾರವಾಡ ಬಿಡಲಾಗದವರೂ ಇರುತ್ತಾರೆ. ಅಪ್ಪನಿಗೆ ಆರೋಗ್ಯ ಸರಿ ಇಲ್ಲ, ಹೊಲ ನೋಡಬೇಕು. ಅಂಥವರಿಗೆ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಚಿಕ್ಕಮಲ್ಲಿಗವಾಡದಲ್ಲಿ ಐಐಟಿ ಇದೆ. ಕಾಸ್ಮಿಕ್ ಕಿರಣವೇ ಬೇಕೆಂದು ಹಟ ಹಿಡಿಯದೆ ವಿಕಿರಣ ಭೌತಶಾಸ್ತ್ರ, ಡಿಟೆಕ್ಟರ್, ಸಿಮ್ಯುಲೇಶನ್ ಕಡೆ ಒಳ್ಳೆಯ ಗೈಡ್ ಇದ್ದರೆ ಸೇರಿ. ಜೊತೆಗೆ ನೆಟ್ ಅಥವಾ ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಪಾಸು ಮಾಡಿಟ್ಟುಕೊಳ್ಳಿ. ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯುಜಿಸಿ ಲೆಕ್ಕದಲ್ಲಿ 57,700ರಿಂದ ಶುರು. ಆದರೆ ನೇಮಕಾತಿ ಪ್ರಕಟಣೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟರವರೆಗೆ ಅತಿಥಿ ಉಪನ್ಯಾಸಕರಾಗಿ ದುಡಿಯಬೇಕು. ಇದನ್ನು ಮುಚ್ಚಿಡುವುದು ಮೋಸ.

ಸಂಶೋಧನೆ ಬಿಟ್ಟು ಹೊರಬಂದರೆ ಏನು? ಇಲ್ಲಿ ಪ್ರಯೋಗದವರು ಸಿದ್ಧಾಂತದವರಿಗಿಂತ ಸ್ವಲ್ಪ ಮೇಲು ಅಂತ ನನ್ನ ಅನುಭವ. ಎಫ್‌ಪಿಜಿಎ ಎಂಬ ಎಲೆಕ್ಟ್ರಾನಿಕ್ಸ್ ಚಿಪ್ಪಿನ ಬೋರ್ಡ್ ಮಾಡಿದವರಿಗೆ, ದೊಡ್ಡ ಡೇಟಾ ತೊಳೆದು ಬಿಡಿಸಿದವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ವಿಕಿರಣ ಭೌತಶಾಸ್ತ್ರದಲ್ಲಿ ಪ್ರತ್ಯೇಕ ಡಿಪ್ಲೊಮಾ ಮಾಡಿಕೊಂಡರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ದಾರಿ ಇದೆ.

ನನ್ನ ಆಯ್ಕೆ: ಯಾರಿಗೆ ಯಾವುದು

ಕಳೆದ ವರ್ಷ ಇಬ್ಬರು ಬಂದಿದ್ದರು. ರೋಣದ ಹುಡುಗಿಯ ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಚಿಕ್ಕಂದಿನಿಂದ ಪಂಪ್‌ಸೆಟ್ ಮೋಟರಿನ ತಾಮ್ರದ ತಂತಿ ಸುತ್ತಿದ ಕೈ. ನಮ್ಮ ಲ್ಯಾಬಿನಲ್ಲಿ ಮೂರು ವರ್ಷದಿಂದ ಸತ್ತು ಬಿದ್ದಿದ್ದ ಹೈ ವೋಲ್ಟೇಜ್ ಯುನಿಟ್ಟನ್ನು ಬಿಚ್ಚಿ, ಸುಟ್ಟ ರೆಸಿಸ್ಟರ್ ಹುಡುಕಿ, ಬೆಸುಗೆ ಹಾಕಿ ಎರಡು ಸಂಜೆಯಲ್ಲಿ ಓಡಿಸಿದಳು. ಇಂಗ್ಲಿಷಿನಲ್ಲಿ ಮಾತಾಡಲು ಹೆದರುತ್ತಿದ್ದಳು. ಅವಳು ಡಾರ್ಕ್ ಮ್ಯಾಟರ್ ಅಂತಲೇ ಬಂದಿದ್ದಳು. ನಾನು ಊಟಿ ಅಂದೆ. ದಿನವೂ ಮುಟ್ಟಿ ರಿಪೇರಿ ಮಾಡುವಂಥ ಯಂತ್ರ ಅಲ್ಲಿದೆ, ಡೇಟಾ ಗ್ಯಾರಂಟಿ ಇದೆ, ರಾತ್ರಿ ಬಸ್ಸಿಗೆ ಮೈಸೂರು ಮುಟ್ಟಿ ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರದ ಮೇಲೆ ಹೋದರೆ ಮರುದಿನ ಊಟಿ. ಬಂಡೀಪುರದ ರಸ್ತೆ ರಾತ್ರಿ ಮುಚ್ಚಿರುತ್ತದೆ, ಬೆಳಿಗ್ಗೆಯ ಬಸ್ ಲೆಕ್ಕ ಹಾಕಿಕೊಳ್ಳಿ. ಪಿಎಚ್‌ಡಿಯಲ್ಲಿ ಡಿಟೆಕ್ಟರ್ ಕಲಿತ ಮೇಲೆ ಪೋಸ್ಟ್‌ಡಾಕ್‌ಗೆ ಗಣಿ ಇಳಿಯಬಹುದು. ಗಣಿಯಿಂದ ಬೆಟ್ಟಕ್ಕೆ ಬರುವುದಕ್ಕಿಂತ ಬೆಟ್ಟದಿಂದ ಗಣಿಗೆ ಹೋಗುವುದು ಸುಲಭ.

ಬ್ಯಾಡಗಿ ಹತ್ತಿರದ ಹುಡುಗನಿಗೆ ಬೆಸುಗೆ ಕಡ್ಡಿ ಹಿಡಿಯಲೇ ಬರುತ್ತಿರಲಿಲ್ಲ. ಆದರೆ ಕ್ಲೌಡ್ ಚೇಂಬರ್ ನೋಡಿ ಮನೆಗೆ ಹೋದವನು ಮರುದಿನ ಹಾಳೆ ಹಿಡಿದುಕೊಂಡು ಬಂದ. ಮ್ಯುಯಾನಿನ ಆಯಸ್ಸು ಬರೀ 2.2 ಮೈಕ್ರೊಸೆಕೆಂಡ್, ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್, ಹಾಗಿದ್ದರೆ ಹತ್ತು ಹದಿನೈದು ಕಿಲೋಮೀಟರ್ ಮೇಲಿಂದ ನಮ್ಮ ತಗಡಿನವರೆಗೆ ಬಂದದ್ದು ಹೇಗೆ ಅಂತ ಐನ್‌ಸ್ಟೈನ್ ಲೆಕ್ಕ ಪೂರ್ತಿ ಬಿಡಿಸಿದ್ದ. ಅವನಿಗೆ ಸಿದ್ಧಾಂತ ಅಥವಾ ವಿಶ್ಲೇಷಣೆ ಅಂದೆ, ಬೆಂಗಳೂರು ಅಥವಾ ಪುಣೆ.

ನೇರವಾಗಿ ಡಾರ್ಕ್ ಮ್ಯಾಟರ್ ಪ್ರಯೋಗ ಅಂತ ನಾನು ಕಳಿಸಿದವರು ಕಡಿಮೆ. ಆ ರೇಡಾನ್ ಹುಡುಗ ಒಬ್ಬ. ಅವನಿಗೆ ಏನೂ ಸಿಗದಿದ್ದರೂ ಬೇಸರವಿಲ್ಲ, ಕೆಲಸ ಶುದ್ಧವಾಗಿರಬೇಕು. ಅಂಥವರು ಬಂದರೆ ಎರಡನೇ ಮಾತಿಲ್ಲದೆ ಹೋಗು ಅನ್ನುತ್ತೇನೆ.

ಈ ವರ್ಷ ಕೊನೆಯ ವರ್ಷದಲ್ಲಿರುವವರು ಇಷ್ಟು ಮಾಡಿ. ಟಾಟಾ ಸಂಸ್ಥೆಯ ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಇರುತ್ತದೆ, ಗೇಟ್ ಫೆಬ್ರುವರಿಯಲ್ಲಿ. ಸಾಹಾ ಸಂಸ್ಥೆ, ಬೆಂಗಳೂರಿನ ರಾಮನ್ ಮತ್ತು ಖಭೌತ ಸಂಸ್ಥೆಗಳಿಗೆ ಜೆಸ್ಟ್ ಎಂಬ ಜಂಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಸಿಎಸ್ಐಆರ್ ನೆಟ್ ವರ್ಷಕ್ಕೆ ಎರಡು ಸಲ. ನಾಲ್ಕರ ಅರ್ಜಿಯನ್ನೂ ಹಾಕಿ, ಒಂದನ್ನೇ ನಂಬಬೇಡಿ. ಮೊದಲ ವರ್ಷದವರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೂ, ಟಾಟಾ ಸಂಸ್ಥೆಯ ಬೇಸಿಗೆ ಕಾರ್ಯಕ್ರಮಕ್ಕೂ ಅರ್ಜಿ ಹಾಕಿ. ಎರಡು ತಿಂಗಳು ಒಂದು ಲ್ಯಾಬಿನಲ್ಲಿ ಇದ್ದು ಬಂದರೆ ಈ ಬರಹದಲ್ಲಿ ಹೇಳಿದ್ದೆಲ್ಲ ನಿಮಗೇ ಗೊತ್ತಾಗಿರುತ್ತದೆ.

ದಸರಾ ರಜೆ ಮುಗಿದ ಮೇಲಿನ ಮೊದಲ ಶನಿವಾರ ಮತ್ತೆ ಡ್ರೈ ಐಸ್ ತರಿಸುತ್ತೇನೆ. ಅಪ್ಪಾರನ್ನ, ಅವ್ವಾರನ್ನ, ಕಾಕಾನನ್ನ, ಯಾರು ಪ್ರಶ್ನೆ ಕೇಳುತ್ತಿದ್ದಾರೋ ಅವರನ್ನೂ ಕರಕೊಂಡು ಬರ್ರಿ.